ನಾಲ್ಕು ಬೆರಳಿನ ಅಂತರ

ಅವ್ವಾ,

ನಿನ್ನೆ ಹೂಲಿಯ ಹೊಲದಲ್ಲಿ ಉಳ್ಳಾಗಡ್ಡೆ ಸಸಿ ಹಚ್ಚಿದೆವು. ನೀನು ಹೋದ ಮೇಲೆ ಇದೇ ಮೊದಲ ನಾಟಿ. ನೀನು ಹಾಕುತ್ತಿದ್ದಷ್ಟೇ ಬೀಜ ಹಾಕಿ ಸಸಿ ಬೆಳೆಸಿದ್ದೆ. ಸಾಲಿಗೆ ಹಗ್ಗ ಹಿಡಿದೆವು. ಸಸಿಯಿಂದ ಸಸಿಗೆ ನಾಲ್ಕು ಬೆರಳು, ನೀನು ಹೇಳುತ್ತಿದ್ದಂತೆಯೇ. ನಾನು ಅಳೆದು ತೋರಿಸಿದೆ, ಉಳಿದವರು ಹಾಗೇ ಹಚ್ಚಿದರು. ಕೊನೆಯ ಮಡಿಗೆ ಬಂದಾಗ ನೋಡಿದರೆ ಆ ಮಡಿಗೆ ಬೇಕಾದ್ದಕ್ಕಿಂತ ಎರಡು ಬುಟ್ಟಿ ಸಸಿ ಹೆಚ್ಚಿದ್ದವು. ನಿನ್ನ ಕಾಲದಲ್ಲಿ ಒಂದು ಹಿಡಿಯೂ ಉಳಿಯುತ್ತಿರಲಿಲ್ಲ.

ನೆರೆಹೊಲದ ರಾಣಿ ಚಿಗವ್ವ ನನ್ನ ಕೈ ಹಿಡಿದು ನೋಡಿ ನಕ್ಕಳು.

"ಥೇಟ್ ನಿಮ್ಮಪ್ಪನ ಬೆರಳ ನೋಡವ್ವಾ, ಬದನಿಕಾಯಿ ಆದಂಗ ಆಗ್ಯಾವ! ನಿಮ್ಮವ್ವಂದು ಸಣ್ಣ ಕೈ ಇತ್ತು."

ಅಂತರ ಹೆಚ್ಚಾದರೆ ಗಡ್ಡೆ ದಪ್ಪವಾಗುತ್ತದೆ, ಇಟ್ಟರೆ ಬೇಗ ಕೊಳೆಯುತ್ತದೆ. ನೀನು ಬೆಳೆದ ಹದಗಾತ್ರದ ಗಡ್ಡೆ ಮಳೆಗಾಲದವರೆಗೂ ಬಾಳುತ್ತಿತ್ತು.

ಹಚ್ಚಿದ್ದನ್ನು ಕೀಳಲಿಲ್ಲ. ಕೊನೆಯ ಮಡಿಯಲ್ಲಿ ಮಾತ್ರ ನನ್ನ ಮೂರು ಬೆರಳಿನ ಅಂತರ ಬಿಟ್ಟೆ. ಅಲ್ಲಿ ಹಿಂದಿನ ಗಾತ್ರದ ಗಡ್ಡೆ ಬಂದರೆ, ನಿನ್ನ ಕೈ ಎಷ್ಟಿತ್ತೆಂದು ನನಗೆ ತಿಳಿಯುತ್ತದೆ.