ದೊಡ್ಡಮ್ಮ ಸತ್ತದ್ದಕ್ಕೆ ಐದು ಅಂಕ

ಭಾನುವಾರ, ಏಪ್ರಿಲ್ ೯

ಅಣ್ಣನಿಗೆ,

ಒಂದು ವಿಷಯವನ್ನು ಈ ಪತ್ರದಲ್ಲಿ ಬರೆಯದೆ ಬಿಟ್ಟುಬಿಡೋಣ ಎಂದು ಮೂರು ಸಲ ಅಂದುಕೊಂಡೆ. ಸದ್ಯಕ್ಕೆ ಕೊನೆಗೆ ತಳ್ಳಿದ್ದೇನೆ.

ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಲಸವಿತ್ತು ಎನ್ನುವುದು ಅರ್ಧ ನಿಜ. ಉಳಿದರ್ಧ ಸಿಟ್ಟು. ಸಿಟ್ಟು ಬಂದರೆ ನನಗೆ ಶಾಲೆಯಲ್ಲಿ ಕಲಿತ ಇಂಗ್ಲಿಷೇ ಮೊದಲು ನಾಲಿಗೆಗೆ ಬರುತ್ತದೆ. ಅದರಲ್ಲಿ ಬೈದರೆ ಬೈದ ಹಾಗೇ ಇರುವುದಿಲ್ಲ. ಆರಲಿ ಎಂದು ಕಾದೆ. ಆರಲಿಲ್ಲ.

ನಿನ್ನ ಕರಡಿ ಕಥೆ ಈ ವರ್ಷ ಹತ್ತನೆಯ ತರಗತಿಗೆ ಪಾಠ. ಉತ್ತರಪತ್ರಿಕೆ ತಿದ್ದುವ ಕೆಲಸ ನನಗೇ ಬಿದ್ದಿದೆ. ಪ್ರಶ್ನೆ: ‘ಕರಡಿಯ ಸಾವು ಏನನ್ನು ಸಂಕೇತಿಸುತ್ತದೆ?’ ಐದು ಅಂಕ. ನಮಗೆ ಕೊಟ್ಟಿರುವ ಮಾದರಿ ಉತ್ತರದ ಪ್ರಕಾರ, ಕರಡಿ ಎಂದರೆ ಕುಡುಕ ತಂದೆಯೊಳಗಿನ ಕ್ರೌರ್ಯ, ಅದು ಸತ್ತರೆ ಮಗನಿಗೆ ಬಿಡುಗಡೆ. ಕ್ರೌರ್ಯಕ್ಕೆ ಎರಡು, ಕುಡಿತಕ್ಕೆ ಎರಡು, ಬಿಡುಗಡೆಗೆ ಒಂದು. ದಿನಕ್ಕೆ ನಲವತ್ತು ಪತ್ರಿಕೆ. ಅಂದರೆ ದಿನಕ್ಕೆ ನಲವತ್ತು ಸಲ ನಮ್ಮಪ್ಪ ಕುಡುಕ ಎಂಬ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಗುರುತು ಹಾಕುತ್ತಿದ್ದೇನೆ. ಆ ಮನುಷ್ಯ ಕೆಮ್ಮಿನ ಔಷಧವನ್ನೂ ಮೂಸಿ ನೋಡಿ, ಸಾರಾಯಿ ವಾಸನೆ ಎಂದು ಬದಿಗಿಡುತ್ತಿದ್ದ.

ಗುರುವಾರ ಕೋಳಿ ಕೆದರಿದಂಥ ಅಕ್ಷರದ ಒಂದು ಪತ್ರಿಕೆ ಬಂತು. ಯಾರ ಮಗುವೋ. ‘ಏನನ್ನೂ ಸಂಕೇತಿಸುವುದಿಲ್ಲ. ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಕರಡಿ ಹೊರಗೆ ಬಂತು. ಗುಂಡು ಹೊಡೆದರು. ಬಾಗಿಲು ಹಾಕಬೇಕಾಗಿದ್ದವರು ಯಾರು ಎಂದು ಲೇಖಕರು ಹೇಳಿಲ್ಲ.’ ನಾನು ಐದಕ್ಕೆ ಐದು ಕೊಟ್ಟೆ.

ಮುಖ್ಯ ಪರೀಕ್ಷಕರು ಕರೆಸಿದರು. ‘ಏನ್ ಮೇಡಂ, ಕರಡಿ ಪರವಾಗಿ ವಕಾಲತ್ತು ವಹಿಸ್ಕೊಂಡ್ರಾ?’ ಎಂದರು. ಮಾದರಿಯಲ್ಲಿ ಇಲ್ಲದ್ದಕ್ಕೆ ಅಂಕವಿಲ್ಲ, ಹೊಡೆದು ಸೊನ್ನೆ ಮಾಡಿ ಸಹಿ ಹಾಕಿ ಎಂದರು. ಕಥೆ ಬರೆದವರು ನಿಮ್ಮಣ್ಣನೇ ಅಂತೆ, ಬೇಕಾದರೆ ಅವರನ್ನೇ ಕೇಳಿ ಎಂದು ನಕ್ಕರು. ನಾನು ಸಹಿ ಹಾಕಿಲ್ಲ. ಪತ್ರಿಕೆ ಅವರ ಬೀರುವಿನಲ್ಲಿದೆ, ಹದಿನಾರಕ್ಕೆ ನಮ್ಮ ಕೆಲಸ ಮುಗಿಯುತ್ತದೆ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹೊಸ ಮುದ್ರಣಕ್ಕೆ ‘ಕಥೆಯ ಹಿಂದಿನ ನಿಜ’ ಎಂಬ ಟಿಪ್ಪಣಿ ಬರೆಯುತ್ತೀಯಂತೆ. ಅದಕ್ಕೆ ನನ್ನಿಂದ ನಿನಗೆ ಬೇಕಾದದ್ದು ಇಸವಿ ಮತ್ತು ಕರಡಿಯ ತೂಕ. ತೂಕ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು.

ಅವಳು ಹೆಣ್ಣು ಕರಡಿ. ನೀನು ಗಂಡು ಮಾಡಿದೆ. ಯಾರು ಮಾತಾಡಿಸಿದರೂ ಬೆನ್ನು ತಿರುಗಿಸಿ ಗೊಣಗುತ್ತಾಳೆಂದು ಅಪ್ಪ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಅಪ್ಪ ಕೆಲಸ ಮಾಡುತ್ತಿದ್ದ ಮೃಗಾಲಯದಲ್ಲಿ ಕರಡಿ ನೋಡಿಕೊಳ್ಳುವವರಿಗೆ ಒಂದು ನಿಯಮವಿತ್ತು. ಅವಳನ್ನು ಹಿಂದಿನ ಕೋಣೆಗೆ ಕಳಿಸಿ, ಬಾಗಿಲ ಅಗುಳಿ ಕೆಳಗೆ ಬಿಟ್ಟವನು ‘ಬಿತ್ತು’ ಎನ್ನಬೇಕು. ಇನ್ನೊಬ್ಬರು ಬಗ್ಗಿ, ಅಗುಳಿ ತೂತಿಗೆ ಪೂರ್ತಿ ಇಳಿದದ್ದನ್ನು ಕಣ್ಣಾರೆ ಕಂಡು ‘ನೋಡಿದೆ’ ಎನ್ನಬೇಕು. ಎರಡು ದನಿ ಕೇಳಿದ ಮೇಲೆಯೇ ಅಪ್ಪ ಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಅವತ್ತು ಅವರ ಜೊತೆಯವನು ರಜೆ. ಊಟದ ಡಬ್ಬಿ ತಂದಿದ್ದ ನಮಗೆ ಕೆಲಸ ಸಿಕ್ಕಿತೆಂದು ಹಿಗ್ಗು. ಅಗುಳಿ ಬಿಟ್ಟವನು ನೀನು. ‘ಬಿತ್ತು’ ಎಂದವನು ನೀನು. ನಿನಗಾಗ ಹದಿನಾಲ್ಕು.

ಅವಳು ಸಾಧು ಎಂದು ನಾನು ಹೇಳುತ್ತಿಲ್ಲ. ಅಪ್ಪನ ಎಡ ಭುಜ ಸೀಳಿದ್ದು ಅವಳೇ. ಆದರೆ ನೀನು ಬರೆದ ಹಾಗೆ ಹಿಂಗಾಲಿನ ಮೇಲೆ ನಿಂತು ಆಕಾಶಕ್ಕೆ ಘರ್ಜಿಸಲಿಲ್ಲ. ಅಪ್ಪನನ್ನು ಬಿಟ್ಟು ಹೋಗಿ ಬಕೆಟ್ಟಿನ ಪಕ್ಕ ಕೂತು ಕ್ಯಾರೆಟ್ ತಿನ್ನತೊಡಗಿದಳು. ಕಾವಲಿನವನು ಗುಂಡು ಹಾರಿಸಿದಾಗ ಅವಳ ಬಾಯಿ ತುಂಬಿತ್ತು. ಅದು ಯಾವುದರ ಸಂಕೇತ, ಹೇಳು.

ವಿಚಾರಣೆಯಲ್ಲಿ ಅಪ್ಪ, ಅಗುಳಿ ಬಿಟ್ಟದ್ದು ನಾನೇ, ನೋಡದೆ ಇಳಿದದ್ದೂ ನಾನೇ ಎಂದು ಬರೆದುಕೊಟ್ಟರು. ಆಮೇಲೆ ಇಪ್ಪತ್ತೆರಡು ವರ್ಷ ಉಗ್ರಾಣದಲ್ಲಿ ಕೂತು ಪ್ರಾಣಿಗಳಿಗೆ ತರಕಾರಿ ಹೆಚ್ಚಿದರು. ಅಂಥವರ ಕೈಗೆ ನೀನು ಬಾಟಲಿ ಕೊಟ್ಟೆ. ಕಥೆಗೆ ಬೇಕಿತ್ತು ಎನ್ನುತ್ತೀಯ. ಕಥೆಗೆ ಬೇಕಿತ್ತೋ ನಿನಗೆ ಬೇಕಿತ್ತೋ?

ಇಸವಿ ಬರೆಯದಿದ್ದರೂ ಚಿಂತೆಯಿಲ್ಲ, ಬಾಟಲಿ ತೆಗೆ. ಅಗುಳಿ ಯಾರ ಕೈಯಲ್ಲಿತ್ತು ಎಂದು ಬರೆ.

ಅತ್ತಿಗೆಯ ಮೊಣಕಾಲು ನೋವು ವಾಸಿಯಾಯಿತೇ? ಮೆಟ್ಟಿಲು ಹತ್ತಿಸಬೇಡ. ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ. ನೀನೂ ಚೆನ್ನಾಗಿರು. ಸಿಟ್ಟಿನಲ್ಲಿ ಬರೆದರೂ ಇದು ಮನಸ್ಸಿನಿಂದಲೇ ಬಂದದ್ದು.

ನಿನ್ನ ತಂಗಿ,
ಗಿಣಿ

ಮರೆತ ಮಾತು: ಮರೆತದ್ದಲ್ಲ, ಕೈ ಬರಲಿಲ್ಲ. ಎರಡನೆಯ ದನಿ ನನ್ನದು. ನಾನು ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದೆ. ನೀನು ‘ಬಿತ್ತು’ ಎಂದ ತಕ್ಷಣ, ತಲೆಯನ್ನೂ ಎತ್ತದೆ ‘ನೋಡಿದೆ’ ಎಂದೆ. ನೀನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತೇನೆಂದು ನೀನೇ ಇಟ್ಟ ಹೆಸರಲ್ಲವೇ ಈ ‘ಗಿಣಿ’. ನಿನ್ನ ಅಗುಳಿ ಅರ್ಧ ಇಳಿದಿದ್ದರೂ ಒಬ್ಬಳು ಬಗ್ಗಿ ನೋಡಿದ್ದರೆ ಸಾಕಿತ್ತು.

ನಿನ್ನ ಕಥೆ ಮೊದಲು ಅಚ್ಚಾದಾಗ ಅಪ್ಪನಿಗೆ ನಾನೇ ಓದಿ ಹೇಳಿದೆ, ಬಾಟಲಿಯ ಸಾಲುಗಳನ್ನು ಹಾರಿಸಿ. ಮುಗಿದ ಮೇಲೆ ಅವರು ಕನ್ನಡಕ ಒರೆಸಿಕೊಂಡು, ‘ಕುಡಿಯೋ ವಿಷಯ ಬಿಟ್ಬಿಟ್ಟೆ. ನಾನು ಆಗ್ಲೇ ಓದಿದೀನಿ ಮಗಳೇ. ಇರ್ಲಿ ಬಿಡು. ಅದಿದ್ರೆ ಬೇರೆ ಯಾರನ್ನೂ ಯಾರೂ ಕೇಳಲ್ಲ’ ಎಂದರು. ಅಣ್ಣ, ನೀನು ಕೊಟ್ಟ ಬಾಟಲಿಯ ಹಿಂದೆ ಹನ್ನೊಂದು ವರ್ಷ ನಾನೂ ಅಡಗಿದ್ದೆ. ಸಿಟ್ಟು ನಿನ್ನೊಬ್ಬನ ಮೇಲಲ್ಲ.

ಟಿಪ್ಪಣಿಯಲ್ಲಿ ಇಬ್ಬರನ್ನೂ ಬರೆ. ನಾಳೆ ಹೋಗಿ ಆ ಪತ್ರಿಕೆ ಬೀರುವಿನಿಂದ ತೆಗೆಸಿ, ಐದರ ಕೆಳಗೇ ಸಹಿ ಹಾಕುತ್ತೇನೆ. ಲೇಖಕ ನನ್ನ ಅಣ್ಣ, ಆ ಬಾಗಿಲ ಹತ್ತಿರ ನಾನೂ ಇದ್ದೆ ಎಂದು ಮುಖ್ಯ ಪರೀಕ್ಷಕರಿಗೆ ಬರೆದುಕೊಡುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ಅದನ್ನು ಮಾಡಿ ಮುಗಿಸಿದ ಮೇಲೆಯೇ ಇದನ್ನು ಅಂಚೆಗೆ ಹಾಕುವುದು: ಏಪ್ರಿಲ್ ೧೦, ಸೋಮವಾರ.