ಪಾಸ್ಕದವರೆಗೆ ಕಾದ ತರಗುಬೆಂಕಿ

ಗಿರಿ ಹಿಂತಿರುಗಿಸಿದ ಅರವತ್ತೆರಡನೆಯ ವರ್ಷ, ಮೊದಲ ಕದಮುಚ್ಚು ತಿಂಗಳ ಒಂಬತ್ತು. ಹಳೆಯ ಎಣಿಕೆಯಲ್ಲಿ ೨೧೯೧.

ನಾನು ಕಾಣಲಾರದ ಮರಿಮಕ್ಕಳೇ,

ನನ್ನ ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಶಾಲೆ ಕಂಡವಳಲ್ಲ, ನಮ್ಮ ಕ್ರೈಸ್ತ ದೇವಾಲಯದ ಹಿಂದಿನ ಸಮಾಧಿಕಲ್ಲುಗಳನ್ನು ಬೆರಳಲ್ಲಿ ತಡವಿ ಅಕ್ಷರ ಕಲಿತೆ. ಕದಮುಚ್ಚು ಎಂದರೆ ಬಿಸಿಲಿಗೆ ಅಂಜಿ ಬೆಳಿಗ್ಗೆ ಎಂಟು ಗಂಟೆಗೇ ಕದ ಹಾಕಿಕೊಳ್ಳುವ ಎರಡು ತಿಂಗಳು. ಅಷ್ಟರೊಳಗೆ ಹನಿಬಲೆ ಹಿಂಡಿಕೊಂಡು ಬರಬೇಕು. ಮಂಜು ಹಿಡಿಯಲು ಇಳಿಜಾರಿನಲ್ಲಿ ಕಟ್ಟಿದ ಬಲೆ ಅದು. ದೇವರು ಕರುಣಿಸಿದ ದಿನ ಮನೆಗೆ ಒಂದೂವರೆ ಕೊಡ. ಅಂಬಲಿಗೂ ಅದೇ, ಮಗುವಿನ ಮೈ ಒರೆಸಲೂ ಅದೇ. ಕಲ್ಲರೆ ಗಿರಿಯಲ್ಲಿ ಒರತೆ ಇದ್ದಾಗ ನಾವು ಹೀಗೆ ಬದುಕಿದವರಲ್ಲ. ಅದು ಹೋದ ಬಗೆಯನ್ನು ನಾನೇ ಹೇಳಬೇಕು.

ಗಿರಿ ಸೋಲಿಗರದು. ನಮ್ಮ ಸಭೆಯ ಹಿರಿಯರು ಅದನ್ನು ಬಹುಕಾಲ ಇಟ್ಟುಕೊಂಡಿದ್ದರು. ಕೊನೆಗೆ ನಾಚಿ, ಕ್ಷಮೆ ಕೇಳಿ ಹಿಂತಿರುಗಿಸಿದರು. ಅಂದಿನಿಂದ ಕೆಲಸ ಎರಡೂ ಕಡೆಯದು, ಕೊನೆಯ ಮಾತು ಮಾತ್ರ ಅವರದು. ಚಳಿ ಇಳಿಯುವಾಗ ಅವರು ತರಗುಬೆಂಕಿ ಹಾಕುತ್ತಿದ್ದರು. ಉದುರಿದ ಎಲೆಯನ್ನಷ್ಟೇ ತಿಂದು ಪಾದದೆತ್ತರದಲ್ಲಿ ನಡೆದುಹೋಗುವ ಬೆಂಕಿ. ನಾವು ಹಸಿ ಸೊಪ್ಪು ಹಿಡಿದು ಅಂಚು ಕಾಯುತ್ತಿದ್ದೆವು. ಲಂಟಾನ ಕಳೆ ಸತ್ತು ಹುಲ್ಲು ಬಂತು, ಹುಲ್ಲಿನ ಹಿಂದೆ ಒರತೆ ಬಂತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಮರುವರ್ಷ ನಮ್ಮ ನಲವತ್ತು ದಿನದ ಉಪವಾಸ ತೊಡಗುವ ವಿಭೂತಿ ಬುಧವಾರ ಬೇಗ ಬಂತು, ಬೆಂಕಿಯ ದಿನ ಆ ತಪಸ್ಸುಕಾಲದೊಳಗೆ ಬಿತ್ತು. ಬೆಂಕಿಯಾದ ಮೇಲೆ ಡೋಲು, ಕುಣಿತ, ಜೇನಿನ ಊಟ ಇರುತ್ತಿತ್ತು. ಉಪವಾಸದಲ್ಲಿ ನಾವು ಕುಣಿಯುವುದು ಹೇಗೆ? ಹೋಗದಿದ್ದರೆ ಅವರಿಗೆ ಅವಮಾನವಲ್ಲವೇ? ಅದಕ್ಕೆ ನಮ್ಮ ಗುರುಗಳಿಗೆ ಚಂದದ ಯೋಚನೆ ಹೊಳೆಯಿತು: ಏಸು ಎದ್ದ ಪಾಸ್ಕ ಹಬ್ಬದವರೆಗೆ ಕಾದು, ಆ ರಾತ್ರಿ ನಾವು ಮಂತ್ರಿಸಿದ ಹೊಸ ಬೆಂಕಿಯನ್ನೇ ಗಿರಿಗೆ ಒಯ್ಯೋಣ, ಎರಡು ಬೆಂಕಿ ಒಂದಾಗಲಿ. ಕೇಳಿ ಎಲ್ಲರ ಕಣ್ಣೂ ತುಂಬಿತು, ನನ್ನದೂ. ಸೋಲಿಗರ ಯಜಮಾನ ಬೇದೇಗೌಡ ನನ್ನನ್ನು ತಂಗಿ ಎನ್ನುತ್ತಿದ್ದ. ಅದಕ್ಕೇ ನನ್ನನ್ನು ಕಳಿಸಿದರು.

ಅವನು ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಚುಕಿ ತೋರಿಸಿದ. ಇನ್ನೂ ಮಡಚಿಕೊಳ್ಳುತ್ತಿತ್ತು, ಮುರಿಯುತ್ತಿರಲಿಲ್ಲ.

"ಇವತ್ತು ಹಾಕುದ್ರೆ ಬೆಂಕಿ ನಮ್ಮ ಮಾತ ಕೇಳ್ತದ ಕಣವ್ವ. ನಿಮ್ಮ ಹಬ್ಬದ ಗಂಟ ಬುಟ್ರೆ ನಾವೇ ಅದುರ್ ಮಾತ ಕೇಳ್ಬೇಕಾಯ್ತದ."

"ಒಂದೇ ವರ್ಸ ಕಣಣ್ಣ," ಎಂದೆ.

"ಗಿರಿಗೂ ಉಪಾಸ ಮಾಡುಸ್ತೀರ? ಆಗದಿಲ್ಲ, ಬುಡವ್ವ," ಎಂದು ನಕ್ಕು ಗೆಣಸು ಸುಟ್ಟು ಕೊಟ್ಟ.

ಮರುದಿನ ಮತ್ತೆ ಹೋದೆ. ತಂಗಿ ಮಾತು ತೆಗೆದುಹಾಕ್ತೀಯಾ ಎಂದು ಕೇಳಿದೆ. ಅವರಲ್ಲಿ ಮನೆಯ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. "ಆಗ್ಲಿ," ಎಂದ.

ಪಾಸ್ಕದ ಬೆಳಿಗ್ಗೆ ಹಾಡುತ್ತ ಬೆಂಕಿ ಹೊತ್ತೊಯ್ದೆವು. ಒಣಗಿದ ತರಗಿನ ಬೆಂಕಿ ನಮ್ಮ ಸೊಪ್ಪಿಗೆ ಬಗ್ಗಲಿಲ್ಲ. ಮರದ ತಲೆಗೇ ಹತ್ತಿತು. ಸಂಪಿಗೆ ತೋಪು, ಅವರ ಹಿರಿಯರನ್ನು ಮಣ್ಣು ಮಾಡಿದ ತಾವು, ಒರತೆಯ ಮೇಲಿನ ನೆರಳು, ಎಲ್ಲ ನಾಲ್ಕೇ ದಿನದಲ್ಲಿ ಮುಗಿಯಿತು. ಬೇದೇಗೌಡ ನನ್ನನ್ನು ಬೈಯಲಿಲ್ಲ. ಮೊದಲ ಮಳೆಯವರೆಗೆ ಕಾದು, ಒರತೆ ಏಳದ್ದು ನೋಡಿ, ಇಪ್ಪತ್ತು ಮನೆಯವರೊಂದಿಗೆ ತೆಂಕಣ ಬೆಟ್ಟಗಳತ್ತ ಹೊರಟುಹೋದ. ಹೋಗುವಾಗಲೂ ತಂಗಿ ಎಂದೇ ಕರೆದ. ಅದನ್ನು ನಾನು ಇವತ್ತಿಗೂ ಹೊರಲಾರೆ.

ಈಗ ಲಂಟಾನ ನಮ್ಮ ಅಂಗಳದವರೆಗೆ ಬಂದಿದೆ. ಸೋಲಿಗರ ನೆನಪಿಗೆ ಗೌರವವೆಂದು ನಾವೇ ತರಗುಬೆಂಕಿ ಹಾಕೋಣವೆಂದು ಸಭೆಯ ಕಿರಿಯರು ಹೊರಟಿದ್ದಾರೆ. ಎಲೆ ಹಿಚುಕಿ ನೋಡಬಲ್ಲವರು ನಮ್ಮಲ್ಲಿ ಒಬ್ಬರೂ ಇಲ್ಲ. ಈ ವರ್ಷ ದೇವಾಲಯದ ಕದಕ್ಕೆ ಅಡ್ಡ ಕುಳಿತು ತಡೆದಿದ್ದೇನೆ. ಎಂಬತ್ತರ ಮೈ ಇನ್ನೆಷ್ಟು ವರ್ಷ ಅಡ್ಡ ಕೂತೀತು?

ಅವರ ಮಕ್ಕಳು ತಿರುಗಿ ಬರುತ್ತಾರೆಂದು ನಾನು ನಂಬಿಲ್ಲ, ಸುಳ್ಳು ಬರೆಯಲಾರೆ. ಬಾರದಿದ್ದರೆ ಗಿರಿಗೆ ಕಡ್ಡಿ ಗೀರಬೇಡಿ, ಲಂಟಾನ ಮನೆ ತುಂಬಿದರೂ ಸರಿಯೇ. ಒಂದು ವೇಳೆ ಬಂದರೆ, ದಿನ ಯಾವುದೆಂದು ಅವರನ್ನೇ ಕೇಳಿ. ಆಗದು ಎಂದರೆ ಕೊಟ್ಟ ಗೆಣಸು ತಿಂದು ಎದ್ದು ಬನ್ನಿ. ಮರುದಿನ ಹೋಗಬೇಡಿ.

ನಿಮ್ಮ ಮುತ್ತಜ್ಜಿ,
ಲೂರ್ದಮ್ಮ