ಮೊಣಕೈಗೆ ನಿಂತ ಇಪ್ಪತ್ತೇಳು

ಓಕ್ಸಾಪ್‌ಮಿನ್
ಮಾರ್ಚ್ ೯

ಪ್ರೀತಿಯ ಡೋರಿಕಾ ಅಕ್ಕಾ,

ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಮೋಡ ಕವಿದು ವಿಮಾನವೇ ಇಳಿದಿರಲಿಲ್ಲ. ವೆವಾಕ್‌ನ ಸೆಕೆ ನಿನಗೆ ಒಗ್ಗಿತೇ? ಇಲ್ಲಿ ಕೆಸುವಿನ ಗಡ್ಡೆ ಚೆನ್ನಾಗಿ ಬಂದಿದೆ, ಹಂದಿ ಮರಿ ಹಾಕಿದೆ.

ಹೋದ ವರ್ಷ ಮರ ಕೊಯ್ಯುವ ಯಂತ್ರಕ್ಕೆ ಸಿಕ್ಕ ಯೆಪ್ಸನ್‌ನ ಎಡಗೈ ಗಾಯ ಈಗ ಮಾಗಿದೆ. ಮೊಣಕೈ ಉಳಿದಿದೆ, ಅದರ ಕೆಳಗೆ ಏನೂ ಇಲ್ಲ.

ಅವನಿಗೆ ಮೈ ಮುಟ್ಟಿ ಎಣಿಸುವ ನಮ್ಮ ಇಪ್ಪತ್ತೇಳರ ಮೇಲೆ ಎಷ್ಟು ಅಕ್ಕರೆಯೆಂದು ನಿನಗೆ ಗೊತ್ತಲ್ಲ. ಬಲಗೈ ಹೆಬ್ಬೆರಳು ಒಂದು, ಮಣಿಕಟ್ಟು ಆರು, ಭುಜ ಹತ್ತು, ಮೂಗು ಹದಿನಾಲ್ಕು. ಆಮೇಲೆ ಆಚೆ ಬದಿಗೆ ಇಳಿದು ಎಡಗೈ ಕಿರುಬೆರಳಿಗೆ ಇಪ್ಪತ್ತೇಳು. ಮದುವೆಯಾದ ಹೊಸತರಲ್ಲಿ ಕಲ್ಲುಗಳನ್ನು ಮೂರು ಸಾಲು, ಸಾಲಿಗೆ ಮೂರು, ಮೂರು ಅಂತಸ್ತು ಪೇರಿಸಿ ತೋರಿಸುತ್ತಿದ್ದ. “ನಡುವೆ ಮೂಗು, ಆ ಕಡೆ ಹದಿಮೂರು, ಈ ಕಡೆ ಹದಿಮೂರು. ಹದಿಮೂರರ ಕಣ್ಣಿಗೆ ಹದಿನೈದರ ಕಣ್ಣು ಕೂಡಿಸು, ಇಪ್ಪತ್ತೆಂಟು. ಕಿವಿಗೆ ಕಿವಿ ಕೂಡಿಸಿದ್ರೂ ಅಷ್ಟೇ. ಅಂದ್ರೆ ಎರಡು ಮೂಗು!” ಅನ್ನುತ್ತಿದ್ದ. ನಾನು ಅವನನ್ನು ಎರಡು ಮೂಗಿನ ಗಂಡ ಎಂದು ರೇಗಿಸುತ್ತಿದ್ದೆ.

ಈಚೆಗೆ ಮಗಳು ನೆಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಣಿಕೆ ಕಲಿಸುತ್ತಿದ್ದ. ಅವಳು ಅವನ ಮೈ ಮುಟ್ಟಿ ಮುಟ್ಟಿ ಎಣಿಸಬೇಕು. ಎಡ ಮೊಣಕೈಗೆ, ಇಪ್ಪತ್ತಕ್ಕೆ ಬಂದಾಗ “ಇವತ್ತಿಗೆ ಸಾಕು” ಎಂದು ಎದ್ದುಬಿಡುತ್ತಿದ್ದ.

ಹೋದ ವಾರ ಶಾಲೆಯ ಬೇಲಿ ಕಟ್ಟಲು ನಾವೆಲ್ಲ ಹೋಗಿದ್ದೆವು. ಒಳಗೆ ಮೇಷ್ಟ್ರು ನೆಮಿಯನ್ನು ಎಬ್ಬಿಸಿ ಎಣಿಸಲು ಹೇಳಿದರು. ಅವಳು ತನ್ನ ಮೊಣಕೈಗೆ ಇಪ್ಪತ್ತು ಎಂದು ನಿಲ್ಲಿಸಿದಳು.

“ಮುಂದೆ?”

“ಮುಗೀತು ಮೇಷ್ಟ್ರೇ.”

“ಕೈ ಇನ್ನೂ ಇದೆಯಲ್ಲಮ್ಮಾ!”

“ಅದು ಲೆಕ್ಕಕ್ಕಿಲ್ಲ. ಅಪ್ಪಂಗೆ ಇಲ್ಲಿಗೇ ಮುಗಿಯೋದು.”

“ಏ, ಮೋಟುಗೈ ಲೆಕ್ಕ!” ಎಂದು ಯಾವುದೋ ಮಗು ಕೂಗಿತು. ಮಕ್ಕಳು ನಕ್ಕವು. ಬೇಲಿಯ ಬಳಿ ದೊಡ್ಡವರೂ ನಕ್ಕರು. ಯೆಪ್ಸನ್ ಹಿಡಿದಿದ್ದ ಗೂಟವನ್ನು ಅಲ್ಲೇ ಬಿಟ್ಟು ನಡೆದ.

ಮನೆಗೆ ಬಂದು, “ಮಕ್ಕಳ ಮಾತು, ಬಿಡು” ಎಂದೆ.

“ಇಪ್ಪತ್ತಕ್ಕೆ ನಡು ಎಲ್ಲಿ ಬರುತ್ತೆ ಹೇಳು. ಹತ್ತು ಭುಜ, ಹನ್ನೊಂದು ಕುತ್ತಿಗೆ. ಮಧ್ಯ ಏನೂ ಇಲ್ಲ. ಮೂಗು ಎಲ್ಲಿಟ್ಕೊಳ್ಲಿ ನಾನು?”

ತಮಾಷೆಯೆಂದು ನಕ್ಕೆ. ಅವನು ನಗಲಿಲ್ಲ. ಅಷ್ಟರಲ್ಲಿ ನೆಮಿ ಓಡಿಬಂದು ತನ್ನ ಪುಟ್ಟ ಕೈಯನ್ನು ಅವನ ಮೊಣಕೈಗೆ ಜೋಡಿಸಿ ಎಣಿಕೆ ಮುಂದುವರಿಸಿದಳು. “ಇಪ್ಪತ್ತೇಳು! ಸರಿಹೋಯ್ತಲ್ಲಪ್ಪಾ?”

ಅವನು ಕೊಡವಿಬಿಟ್ಟ. “ನಿನ್ ಕೈ ನಿಂಗಿರಲಿ. ನಂಗೆ ಯಾರ ಕೈಯೂ ಬೇಡ!”

ಅಂದಿನಿಂದ ಹೊಳೆಯಾಚೆ ತನ್ನ ಅಣ್ಣನ ಮನೆಯಲ್ಲಿ ಮಲಗುತ್ತಾನೆ. ಹಗಲು ಬಂದು ಗೆಣಸು ಇಟ್ಟು ಹೋಗುತ್ತಾನೆ. ನೀನು ಹೇಳಿದರೆ ಕೇಳಿಯಾನು, ಅಕ್ಕಾ. ಒಂದೆರಡು ಮಾತು ಬರೆ.

ನಿನ್ನ ಮಕ್ಕಳು ಸುಖವಾಗಿರಲಿ, ನಿನ್ನ ಒಲೆ ಸದಾ ಬೆಚ್ಚಗಿರಲಿ.

ನಿನ್ನ ತಂಗಿ,
ರೊಸಿನಾ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ನೆಮಿ ತನ್ನ ಎಡಗೈಯನ್ನು ಅಂಗಿಯೊಳಗೆ ಎಳೆದುಕೊಂಡು ಓಡಾಡುತ್ತಿದ್ದಾಳೆ. ಗೆಣಸಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುತ್ತಾಳೆ. ಗದರಿಸಿದರೆ, “ಅಪ್ಪ ಮನೇಗೆ ಬರೋವರೆಗೂ ನಂಗೂ ಇಪ್ಪತ್ತೇ” ಅನ್ನುತ್ತಾಳೆ. ನಿನ್ನೆ ಅವನು ಅದನ್ನು ನೋಡಿದ. ಗೆಣಸಿನ ಚೀಲವನ್ನು ಹೊಸ್ತಿಲಲ್ಲೇ ಇಟ್ಟು, ಒಳಗೆ ಬಾರದೆ ಹೊರಟುಹೋದ.